ಖರೇ ತೊಳದೀರಿ ಮತ್ತ!

ಸರ್ ಅವರ ಅಂಗಿಯ ಜೇಬಿನಲ್ಲಿ ಎರಡು ಪೆನ್ನುಗಳ ಪಕ್ಕ ಒಂದು ಹಲ್ಲುಜ್ಜುವ ಬ್ರಷ್ಷು ಇರುತ್ತಿತ್ತು. ಹಸಿರು ಹಿಡಿಕೆ, ಎಳೆಗಳೆಲ್ಲ ಸವೆದು ಒಂದೇ ಕಡೆ ವಾಲಿದ್ದವು. ಅಮೀರ್‌ಪೇಟೆಯ ಚಹಾ ಅಂಗಡಿಯಲ್ಲಿ ಹೊಸಬರು ಯಾರಾದರೂ ಅದನ್ನೇ ದಿಟ್ಟಿಸಿದರೆ, ಬೆಳಿಗ್ಗೆ ಅವಸರದಲ್ಲಿ ಹೊರಟೆ, ಹಲ್ಲುಜ್ಜುವುದು ಇನ್ನೂ ಆಗಿಲ್ಲ ಎಂದು ತೆಲುಗಿನಲ್ಲಿ ಬಹಳ ಗಂಭೀರವಾಗಿ ಹೇಳಿಬಿಡುತ್ತಿದ್ದರು. ಪಾಪ, ಕೇಳಿದವರು ಲೋಟ ಹಿಡಿದುಕೊಂಡು ಒಂದು ಮಾರು ದೂರ ಸರಿಯುತ್ತಿದ್ದರು. ಅದು ಮದರ್‌ಬೋರ್ಡಿನ ಧೂಳು ತೆಗೆಯುವ ಬ್ರಷ್ಷು.

ಸುತ್ತಲೂ ಸಾಫ್ಟ್‌ವೇರ್ ಕಲಿಸುವವರ ಬೋರ್ಡುಗಳು. ಅವುಗಳ ನಡುವೆ ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ಸರ್ ಕಂಪ್ಯೂಟರ್ ರಿಪೇರಿ ಕಲಿಸುತ್ತಿದ್ದರು. ನಾನು ರಾಯಚೂರಿನ ಕಡೆಯವಳು, ಹಾಸ್ಟೆಲಿನಲ್ಲಿದ್ದೆ. ಸರ್ ಹತ್ತಿರ ಕಲಿಯುತ್ತಿದ್ದ ಹುಡುಗಿ ನಾನೊಬ್ಬಳೇ. ಸೇರಿದ ವಾರದಲ್ಲೇ ಕಾಲಿನ ಮೇಲೆ ಕಂಪ್ಯೂಟರಿನ ಕ್ಯಾಬಿನೆಟ್ ಬೀಳಿಸಿಕೊಂಡು "ಯವ್ವಾ ಸತ್ನೆಪೋ!" ಎಂದು ಕಿರುಚಿದೆ. ಸರ್ ತಿರುಗಿ ನೋಡಿದರು. "ಅಲ್ಲವಾ, ಇಷ್ಟ ದಿನಾ ಹಿಂದೀ ಒಳಗ ಎದಕ ಮಾತಾಡಾಕತ್ತಿದ್ದಿ? ನಾನೂ ಸೇಡಮ್ ಕಡ್ಯಾವ" ಎಂದರು. ಅಂದಿನಿಂದ ನನಗೆ ಆ ಊರಲ್ಲಿ ಒಂದು ಮನೆಯಾಯಿತು. ಅವರ ಮನೆಯವರು ಕಟ್ಟಿಕೊಟ್ಟ ಬುತ್ತಿಯಲ್ಲಿ ಅರ್ಧ ಪಾಲು ನನ್ನದು.

ಬೇರೆಯವರಿಗೆ ಅವರು ತೆಲುಗು, ಹಿಂದಿ ಬೆರೆಸಿ ಕಲಿಸುತ್ತಿದ್ದರು. ನಗೆಗೂ ಸಿಟ್ಟಿಗೂ ಮಾತ್ರ ಕನ್ನಡವೇ ಬೇಕು. "ಯಂತ್ರ ಕೆಡೂದಿಲ್ಲ, ಮನಷ್ಯಾ ಅವಸರ ಮಾಡ್ತಾನ" ಎನ್ನುವುದು ಅವರ ಮುಖ್ಯ ಪಾಠ. ಇನ್ನೊಂದು ಪಾಠವನ್ನು ಹಾರ್ಡ್ ಡಿಸ್ಕ್ ಹಿಡಿದುಕೊಂಡು ಹೇಳುತ್ತಿದ್ದರು. ಅದರ ಮೈಮೇಲೆ ಸಾಸಿವೆ ಕಾಳಿನಷ್ಟು ಒಂದು ತೂತು ಇರುತ್ತದೆ, ಗಾಳಿಯಾಡಲಿಕ್ಕೆ. "ಬೋರ್ಡ್ ತೋಯ್ದ್ರ ಒಣಗಿಸಿ ಬದುಕಿಸಬಹುದು. ಇದಕ್ಕ ಮೂಗು ಐತಿ. ಮುಳುಗಿಸಿದ್ರ ಸಾಯ್ತೈತಿ."

ಒಂದು ದಿನ ಹೊಸ ವಿದ್ಯಾರ್ಥಿಯೊಬ್ಬ, ಸರ್, ಧೂಳು ಬಹಳ ಇದೆ, ನೀರು ಹಾಕಿ ತೊಳೆಯಬಹುದಾ ಎಂದು ಕೇಳಿದ. ಸರ್ ಹುಬ್ಬೂ ಅಲುಗಿಸದೆ, "ಯಾವ ಸಾಬೂನು?" ಎಂದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಇದನ್ನು ವಿಡಿಯೋ ಮಾಡೋಣ, ನಮ್ಮ ಕಡೆಯ ಮಾತಿನಲ್ಲಿ ಮಾಡೋಣ ಎಂದು ದುಂಬಾಲು ಬಿದ್ದವಳು ನಾನೇ.

ಗುಜರಿಗೆ ಹೋಗಬೇಕಾದ ಸತ್ತ ಬೋರ್ಡುಗಳನ್ನು ಮುಂದಿಟ್ಟುಕೊಂಡು ಸರ್ ಪಾಠ ಶುರು ಮಾಡಿದರು. ಕೀಬೋರ್ಡಿಗೆ ಕಡಲೆಹಿಟ್ಟು ಹಚ್ಚಿ ಉಜ್ಜುವುದು, ರ‍್ಯಾಮಿಗೆ ಸೀಗೆಕಾಯಿ, ಮೌಸಿಗೆ ಬಾಣಂತಿಗೆ ಎರೆದಂತೆ ಎಣ್ಣೆನೀರು. "ಕಿವ್ಯಾಗ ನೀರು ಹೋಗದ್ಹಂಗ ನೋಡ್ಕೋರಿ" ಎಂದು ಮೌಸನ್ನು ಟವಲಿನಿಂದ ಒರೆಸುವಾಗ ಫೋನ್ ಹಿಡಿದ ನಾನು ನಗು ತಡೆಯಲು ಓಢಣಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಅವರ ಮುಖದಲ್ಲಿ ಮಾತ್ರ ನಗುವಿನ ಸುಳಿವಿಲ್ಲ. ಎಲ್ಲ ಮುಗಿದ ಮೇಲೆ ಬ್ರಷ್ಷನ್ನು ನೋಡುವವರ ಕಡೆ ಚಾಚಿ, "ಇದು ಚ್ಯಾಷ್ಟಿ ಐತ್ರೆಪಾ. ಖರೇ ತೊಳದೀರಿ ಮತ್ತ!" ಎನ್ನುತ್ತಿದ್ದರು. ನಮ್ಮ ಕಡೆ ಹೀಗೆ ಹೇಳಿದರೆ ಎಚ್ಚರಿಕೆ: ತಮಾಷೆಗೆ ಹೇಳಿದ್ದು, ನಿಜವೆಂದುಕೊಂಡು ತೊಳೆದುಗಿಳೆದೀರಿ, ಜೋಕೆ.

ಆ ಕೊನೆಯ ಮಾತು ನನಗೆ ಹಿಡಿಸುತ್ತಿರಲಿಲ್ಲ. ನಗಿಸಿದ ಮೇಲೆ ಇದು ನಗೆ ಎಂದು ಚೀಟಿ ಯಾಕೆ ಅಂಟಿಸಬೇಕು? ಹಾಗೆಂದು ವಾದ ಹೂಡಿದ್ದೆ. ಸರ್ ಕೇಳಲಿಲ್ಲ. "ನಗೋರಷ್ಟ ನೋಡ್ತಾರಂತ ತಿಳ್ಕೋಬ್ಯಾಡ. ನಂಬೋರೂ ನೋಡ್ತಾರ. ಕಡೀ ಮಾತು ಬಿಡಬ್ಯಾಡ" ಎಂದಿದ್ದರು.

ನವರಾತ್ರಿ ಬಂತು. ಆಯುಧ ಪೂಜೆಗೆ ನಮ್ಮಲ್ಲಿ ಖಂಡೇ ಪೂಜೆ ಎನ್ನುತ್ತೇವೆ. ಕುಡಗೋಲು, ತಕ್ಕಡಿ, ಹೊಲಿಗೆ ಮಷೀನು, ಹೊಟ್ಟೆ ಹೊರೆಯುವ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚುವ ದಿನ. ಆ ವರ್ಷ ಸರ್ 'ಖಂಡೇ ಪೂಜೆಗೆ ಕಂಪ್ಯೂಟರ್ ತೊಳೆಯುವ ವಿಧಾನ' ಮಾಡಿದರು. ಕ್ಯಾಬಿನೆಟ್ಟಿಗೆ ಹುಣಸೆಹಣ್ಣು, ಹಾರ್ಡ್ ಡಿಸ್ಕಿಗೆ ಬಕೆಟ್ಟಿನಲ್ಲಿ ಸಾಬೂನು ನೀರಿನ ಸ್ನಾನ, ಆಮೇಲೆ ಮಾಳಿಗೆಯ ಬಿಸಿಲು, ಕುಂಕುಮ, ಊದಿನಕಡ್ಡಿ. ಅಷ್ಟು ಚೆನ್ನಾಗಿ ಅವರು ಎಂದೂ ಮಾಡಿರಲಿಲ್ಲ. ಊದಿನಕಡ್ಡಿಯ ಹೊಗೆಗೆ ಅದು ಮುಗಿದರೆ ಎಷ್ಟು ಚಂದ ಅನ್ನಿಸಿತು ನನಗೆ. ಕೊನೆಯ ಮಾತನ್ನು ಕತ್ತರಿಸಿ ಹಾಕಿಬಿಟ್ಟೆ. ಸರ್ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು, ಅವರು ನೋಡುವ ಪ್ರಶ್ನೆಯೇ ಇರಲಿಲ್ಲ. ವಿಡಿಯೋ ಫೋನಿನಿಂದ ಫೋನಿಗೆ ಹಾರಿತು. ನನಗೆ ಮುಗಿಲಿಗೆ ಮೂರೇ ಗೇಣು.

ಹಬ್ಬ ಮುಗಿದ ಎಂಟನೆಯ ದಿನಕ್ಕೆ ಒಬ್ಬ ಹೆಂಗಸು ಮೂರು ಮಹಡಿ ಹತ್ತಿ ಬಂದರು. ತೊಡೆಯ ಮೇಲಿನ ಕೂಸನ್ನು ಸುತ್ತಿದಂತೆ ಹಳೆಯ ಸೀರೆಯಲ್ಲಿ ಏನನ್ನೋ ಸುತ್ತಿ ತಂದಿದ್ದರು. ಆಳಂದದ ಕಡೆಯವರು, ಈ ಊರಿನ ಮಣಿಕೊಂಡ ಬಡಾವಣೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಸೀರೆ ಬಿಚ್ಚಿದರೆ ಫಳಫಳ ಹೊಳೆಯುವ ಕಂಪ್ಯೂಟರ್ ಡಬ್ಬಿ.

"ನೀವು ಹೇಳಿದ್ಹಂಗ ಮಾಡೀನ್ರೀ ಸರ. ಒಂದೂ ಬಿಟ್ಟಿಲ್ಲ. ಬಾಜೂ ಮನಿ ಹುಡುಗ ಬಂದು ಎಲ್ಲಾ ಬಿಚ್ಚಿ ಕೊಟ್ಟ, ತೊಳದೀನಿ, ಎರಡ ದಿನಾ ಬಿಸಲಾಗ ಇಟ್ಟೀನಿ. ಜೋಡಿಸಿ ಕರೆಂಟ್ ಕೊಟ್ರ ಕರ್ ಕರ್ ಅಂತು, ಸುಮ್ಮಾತು."

"ತೊಳದೀರಿ?" ಎಂದರು ಸರ್.

ಅದೇ ಪದ. ಎಚ್ಚರಿಕೆಯಾಗಿ ಹೋಗಬೇಕಿದ್ದ ಪದ, ಆಗಿಹೋದ ಕೆಲಸವಾಗಿ ಅವರ ಬಾಯಿಂದ ಬಂತು.

ಅದು ಆಕೆಯ ಮಗಳ ಕಂಪ್ಯೂಟರ್. ಡಿಗ್ರಿ ಎರಡನೆಯ ವರ್ಷದಲ್ಲಿ ಜ್ವರ ಬಂದು ತೀರಿಕೊಂಡ ಮಗಳು. ಪರೀಕ್ಷೆಗೆ ಓದುವಾಗ ಪಾಠಗಳನ್ನು ಗಟ್ಟಿಯಾಗಿ ಓದಿ ಅದರಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದಳಂತೆ. ತಾಯಿಗೆ ಓದು ಬಾರದು. ಪಕ್ಕದ ಮನೆಯ ಹುಡುಗ ಆಗಾಗ ಬಂದು ಹಚ್ಚಿ ಕೊಡುತ್ತಿದ್ದ. ರೊಟ್ಟಿ ಬಡಿಯುತ್ತ ಆಕೆ ಮಗಳ ಕಾಮರ್ಸ್ ಪಾಠ ಕೇಳುತ್ತಿದ್ದರು. ಬೇರೆಲ್ಲೂ ಆ ಧ್ವನಿ ಇರಲಿಲ್ಲ. "ಎಲ್ಲಾರೂ ತಮ್ಮ ತಮ್ಮ ಸಾಮಾನು ತೊಳದು ಪೂಜಿ ಮಾಡ್ತಾರ, ನನ್ ಮಗಳದು ಹಂಗ ಧೂಳ ಹಿಡಕೊಂಡು ಕುಂತಿತ್ರೀ" ಎಂದರು. "ನಮ್ಮ ಭಾಷಾದವ್ರು, ದೊಡ್ಡವ್ರು ಹೇಳ್ಯಾರ ಅಂತ..."

ಸರ್ ನನ್ನ ಕಡೆ ಕೈ ಚಾಚಿದರು. ಆ ವಿಡಿಯೋ ತೋರಿಸಿದೆ. ಊದಿನಕಡ್ಡಿಯ ಹೊಗೆಗೆ ಅದು ನಿಂತಿತು. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಮಾತ್ರ. ಆಮೇಲೆ ಆಕೆಗೆ ಕೈ ಮುಗಿದು, "ಅಕ್ಕಾ, ತಪ್ಪು ನಂದ ಐತ್ರಿ. ಇದು ಚ್ಯಾಷ್ಟಿ. ಕಡೀಕ ಖರೇ ತೊಳೀಬ್ಯಾಡ್ರಿ ಅಂತ ಹೇಳೂದಿತ್ತು. ನಾ ಮರ್ತೆ" ಎಂದರು.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನನ್ನ ನಾಲಿಗೆ ಸೇದಿಹೋಗಿತ್ತು ಎಂದು ಈಗ ಬರೆದರೆ ಸುಳ್ಳಾದೀತು. ನಾನು ಹೆದರಿದ್ದೆ, ಅಷ್ಟೇ.

ಸರ್ ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಅದೇ ಮಾದರಿಯ ಡಿಸ್ಕು ಹುಡುಕಿ ಅದರ ಬೋರ್ಡು ತಂದು ಹಾಕಿದರು. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ಬಿಚ್ಚುವವರ ಹತ್ತಿರ ತಾವೇ ಹೊತ್ತುಕೊಂಡು ಹೋದರು. ಒಳಗೆ ಪಸೆ ಇರುವಾಗಲೇ ಕರೆಂಟ್ ಕೊಟ್ಟದ್ದರಿಂದ ಧ್ವನಿ ಉಳಿದಿರುವ ತಟ್ಟೆಯೆಲ್ಲ ಗೀರಿಹೋಗಿದೆ, ಏನೂ ಉಳಿದಿಲ್ಲ ಎಂದರಂತೆ. ಆ ಮಾತನ್ನು ಫೋನಿನಲ್ಲಿ ಹೇಳದೆ ಮಣಿಕೊಂಡಕ್ಕೆ ಹೋಗಿ, ಆಕೆಯ ಎದುರು ಕುಳಿತು ಹೇಳಿ ಬಂದರು.

ವಿಡಿಯೋಗಳು ಅಲ್ಲಿಗೆ ನಿಂತವು. ಎಲ್ಲವನ್ನೂ ಅಳಿಸಿದೆ. ಖಂಡೇ ಪೂಜೆಯದನ್ನು ಮಾತ್ರ, ಕತ್ತರಿಸುವ ಮೊದಲಿನದನ್ನು, ಅಳಿಸಲು ಕೈ ಬರಲಿಲ್ಲ. ಸರ್ ಬೈಯಲಿಲ್ಲ. ಬೈದಿದ್ದರೆ, ನಾಲ್ಕು ಏಟು ಕೊಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ತಿಂಗಳಾದ ಮೇಲೆ ನಾನೇ ಅಳುತ್ತ ಹೋದೆ. ಅವರು ಬೋರ್ಡಿನಿಂದ ತಲೆ ಎತ್ತಲಿಲ್ಲ. "ನಿನ್ನ ಹೆಸರು ಹೇಳಿದ್ರ ಆಕಿ ನಿನಗ ಶಾಪ ಹಾಕತಿದ್ಲು. ನೀ ಬದುಕಿ ಬಾಳಬೇಕಾದಾಕಿ. ನನಗ ಹಾಕಲಿ ಬಿಡು. ಮುದುಕಗ ಹತ್ತಿದ್ರ ಎಷ್ಟ ದಿನಾ ಹತ್ತೀತು?"

ಅಂದಿನಿಂದ ಪ್ರತಿ ಖಂಡೇ ಪೂಜೆಗೆ ಸರ್ ಒಂದು ತೆಂಗಿನಕಾಯಿ ಹಿಡಿದುಕೊಂಡು ಆ ಮನೆಗೆ ಹೋಗುತ್ತಿದ್ದರು. ಸತ್ತ ಕಂಪ್ಯೂಟರನ್ನು ಬಿಚ್ಚಿ, ಜೇಬಿನ ಬ್ರಷ್ಷಿನಿಂದ, ಒಣ ಬ್ರಷ್ಷಿನಿಂದ, ಮೂಲೆ ಮೂಲೆಯ ಧೂಳು ತೆಗೆದು ಮತ್ತೆ ಮುಚ್ಚುತ್ತಿದ್ದರು. ಆಕೆ ಕುಂಕುಮ ಹಚ್ಚುತ್ತಿದ್ದರು. ನನ್ನನ್ನು ಒಮ್ಮೆಯೂ ಕರೆಯಲಿಲ್ಲ, ನಾನೂ ಬರುತ್ತೇನೆ ಎನ್ನಲಿಲ್ಲ. ಅಷ್ಟು ಹೊತ್ತಿಗೆ ಅದೇ ಕೋಣೆಯಲ್ಲಿ ಅವರ ಪಕ್ಕದ ಟೇಬಲ್ ನನ್ನದಾಗಿತ್ತು, ಹೊಸಬರಿಗೆ ಪಾಠವನ್ನೂ ನಾನೇ ಹೇಳುತ್ತಿದ್ದೆ.

ಹೋದ ಶ್ರಾವಣದಲ್ಲಿ ಸರ್ ಎರಡು ದಿನ ಎದೆ ಹಿಡಿದಂತಾಗುತ್ತದೆ ಎಂದರು. ಮೂರನೆಯ ದಿನ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವರ ಮನೆಯವರು ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ಬ್ರಷ್ಷು ತೆಗೆದು, "ಇದು ನಿಂದ ಐತಿ ತಗೋವಾ" ಎಂದು ನನ್ನ ಕೈಯಲ್ಲಿಟ್ಟರು. ಅವತ್ತು ನಾನು ಹೆತ್ತ ಅಪ್ಪ ತೀರಿಹೋದಾಗಲೂ ಅಳದಷ್ಟು ಅತ್ತೆ.

ಈ ಸಲದ ಖಂಡೇ ಪೂಜೆಗೆ ತೆಂಗಿನಕಾಯಿ ಹಿಡಿದುಕೊಂಡು ನಾನು ಹೋದೆ. ರೊಟ್ಟಿಯಕ್ಕ ಬಾಗಿಲಲ್ಲೇ, "ಸರ ಬರಲಿಲ್ಲೇನು?" ಎಂದರು. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳಿದೆ. ಆಕೆ ಗೋಡೆಗೆ ಒರಗಿ ಕುಳಿತುಬಿಟ್ಟರು. ನಾನು ಡಬ್ಬಿ ಬಿಚ್ಚಿ, ಧೂಳು ತೆಗೆಯುತ್ತ, ಅವರ ಮುಖ ನೋಡದೆ ಹೇಳಿದೆ.

"ಅಕ್ಕಾ, ಸರ್ ಕಡೀ ಮಾತು ಮರ್ತಿದ್ದಿಲ್ರಿ. ಹೇಳಿದ್ರು. ನಾ ಅದನ್ನ ಕತ್ತರಿಸಿ ಹಾಕಿದೆ."

ಒಲೆಯ ಮೇಲೆ ಹೋಳಿಗೆಗೆ ಇಟ್ಟ ಬೇಳೆ ಉಕ್ಕಿ ಚುಂಯ್ ಎಂದಿತು. ಆಕೆ ಏಳಲಿಲ್ಲ.

"ಇಷ್ಟ ವರ್ಷ ಆ ಮನಷ್ಯಾನ್ನ ಮನಸನ್ಯಾಗ ಬೈಕೋತ ಕುಂಕುಮ ಹಚ್ಚೀನಲ್ಲ ನಾನು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಐತೇನು ಅದು, ಕಡೀ ಮಾತು? ಕೇಳಸು" ಎಂದರು.

ಫೋನು ತೆಗೆದು ಪೂರ್ತಿ ವಿಡಿಯೋ ಹಚ್ಚಿದೆ. ಹುಣಸೆಹಣ್ಣು, ಬಕೆಟ್ಟು, ಬಿಸಿಲು, ಊದಿನಕಡ್ಡಿ. ಹೊಗೆಯ ಆಚೆಯಿಂದ ಹಸಿರು ಬ್ರಷ್ಷು ಮುಂದೆ ಬಂತು. "ಇದು ಚ್ಯಾಷ್ಟಿ ಐತ್ರೆಪಾ. ಖರೇ ತೊಳದೀರಿ ಮತ್ತ!"

"ಇನ್ನೊಮ್ಮಿ ಹಚ್ಚು" ಎಂದರು ಆಕೆ. ಇನ್ನೊಮ್ಮೆ ಹಚ್ಚಿದೆ. ಮೂರನೆಯ ಸಲ ಕೇಳಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅವರ ಧ್ವನಿ ಇದರಾಗಷ್ಟ ಐತೇನು?"

"ಪೂರ್ತಿ ಇದರಾಗಷ್ಟ ಐತ್ರಿ."

ಆಕೆ ಫೋನನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು. ಹಿಟ್ಟು ನಾದಿ ನಾದಿ ಒರಟಾದ ಕೈ.

"ಜ್ವಾಕಿ ಇಟ್ಕೋ ಯವ್ವಾ" ಎಂದರು. "ತೊಳದೀ ಮತ್ತ."