ಗ್ರೀಸ್ ಎನ್ನಲಾರದೆ ಹೆಲ್ಲಾಸ್

ತೊಂಬತ್ತರ ದಶಕದ ಆರಂಭದಲ್ಲಿ ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ನನಗೆ ಮಹಾ ಜಂಬದವನೆಂಬ ಹೆಸರಿತ್ತು. ಎಲ್ಲರೂ ಜರ್ಮನಿ ಎಂದರೆ ನಾನು ಡಾಯ್ಚ್‌ಲಾಂಡ್ ಎನ್ನುತ್ತಿದ್ದೆ. ಜಪಾನ್ ನನ್ನ ಬಾಯಲ್ಲಿ ನಿಪ್ಪೋನ್, ಗ್ರೀಸ್ ಹೆಲ್ಲಾಸ್, ಕೈರೋ ಅಲ್‌ಕಾಹಿರಾ. ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡಿ ಬಂದು ಕಾಂಪೌಂಡಿನ ಮೇಲೆ ಕೂತು ಹರಟುವಾಗ ಗೆಳೆಯರು, "ಗುರು, ನೀನು ಯಾವ ಪ್ಲೇನಲ್ಲಿ ಬಂದಿಳಿದೆ?" ಎಂದು ಕಾಡುತ್ತಿದ್ದರು. ನಾನೂ ನಕ್ಕುಬಿಡುತ್ತಿದ್ದೆ. ಜಂಬದವ ಅನ್ನಿಸಿಕೊಂಡರೆ ನಷ್ಟವೇನೂ ಇರಲಿಲ್ಲ. ನಿಜ ತಿಳಿದರೆ ಇತ್ತು.

ನಿಜವೆಂದರೆ, ನನಗೆ ಉಗ್ಗು. ಕ, ಗ, ಜ ಈ ಮೂರು ಅಕ್ಷರಗಳು ಪದದ ಮೊದಲಲ್ಲಿ ಬಂದರೆ ಗಂಟಲಿಗೆ ಬೀಗ ಬೀಳುತ್ತಿತ್ತು. ನಡುವೆ ಬಂದರೆ ಏನೂ ಇಲ್ಲ. ಬಸವನಗುಡಿ ಸಲೀಸು, ಗಾಂಧಿನಗರ ಅಸಾಧ್ಯ. ಗಾಂಧಿನಗರಕ್ಕೆ ಹೋಗಬೇಕಾದರೆ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಟಿಕೆಟ್ ಕೇಳಿ ಅಲ್ಲಿಂದ ನಡೆಯುತ್ತಿದ್ದೆ. ಉಗ್ಗುವವರಿಗೆಲ್ಲ ಗೊತ್ತಿರುವ ಉಪಾಯ ಇದು: ಬಾಗಿಲು ತೆರೆಯದಿದ್ದರೆ ಪಕ್ಕದ ಕಿಟಕಿಯಿಂದ ಹಾರಬೇಕು. ಜಾಸ್ತಿ ಬದಲು ಹೆಚ್ಚು, ಗೊತ್ತಿಲ್ಲ ಬದಲು ತಿಳೀದು. ಕಾಫಿಗೆ ಮಾತ್ರ ಕಿಟಕಿಯೇ ಇಲ್ಲ. ಹಾಗಾಗಿ ಬಸವನಗುಡಿಯಲ್ಲೇ ಹುಟ್ಟಿ ಬೆಳೆದ ನಾನು ಹೋಟೆಲಿಗೆ ಹೋದಾಗಲೆಲ್ಲ ಟೀ ಕುಡಿಯುತ್ತಿದ್ದೆ, ಅದೂ ಮುಖ ಕಿವುಚಿಕೊಂಡು.

ಊರು ದೇಶಗಳ ಹೆಸರಿಗೆ ಕಿಟಕಿ ತೋರಿಸಿದ್ದು ಅಂಚೆಚೀಟಿಗಳು. ಚಿಕ್ಕಂದಿನಲ್ಲಿ ಬೂಟಿನ ಡಬ್ಬದ ತುಂಬ ಕೂಡಿಟ್ಟಿದ್ದೆ. ಒಂದೊಂದು ದೇಶವೂ ಅಲ್ಲಿ ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತದೋ ಹಾಗೇ ಅಚ್ಚು ಹಾಕಿಸಿಕೊಂಡಿತ್ತು. ಗ್ರೀಸಿನ ಚೀಟಿಯ ಮೇಲೆ ಹೆಲ್ಲಾಸ್ ಎಂದು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹ ಅಕ್ಷರಕ್ಕೂ ನನಗೂ ಯಾವ ಜಗಳವೂ ಇರಲಿಲ್ಲ. ಚೀಟಿಯಲ್ಲಿ ಸಿಗದ ಹೆಸರುಗಳನ್ನು ಲೈಬ್ರರಿಯ ದಪ್ಪ ಪುಸ್ತಕಗಳಲ್ಲಿ ಹುಡುಕಿದೆ. ಜ್ಞಾನಕ್ಕಾಗಿ ಅಲ್ಲ, ಮಾನ ಉಳಿಸಿಕೊಳ್ಳುವುದಕ್ಕೆ.

ಹೀಗೆ ಹುಡುಕುತ್ತ ಹುಡುಕುತ್ತ ಭೂಗೋಳದ ಹುಚ್ಚು ಹಿಡಿಯಿತು. ಕುರುಡ ಕನ್ನಡಿ ಅಂಗಡಿ ಇಟ್ಟ ಹಾಗೆ, ಉಗ್ಗುವವನು ಮೇಷ್ಟ್ರಾಗಲು ಹೊರಟೆ. ಬಿ.ಎಡ್.ನಲ್ಲಿ ಮಾಡಿ ತೋರಿಸಬೇಕಾದ ಪಾಠಗಳಿಗೆ ಮಳೆ, ಮಣ್ಣು, ನದಿ ಎಂಬಂಥವನ್ನೇ ಆರಿಸಿಕೊಂಡು ಪಾರಾದೆ. ಕೆಲಸ ಹುಡುಕುವಾಗ ಆ ಆಟ ನಡೆಯಲಿಲ್ಲ. ನನ್ನ ಹೆಸರೇ ಕ ಅಕ್ಷರದಿಂದ ಶುರು. ಎರಡು ಶಾಲೆಗಳಲ್ಲಿ ಹೆಸರು ಕೇಳಿದರು, ನಾನು ನಿಂತುಹೋದೆ, ಅವರು ನೀರು ಕೊಟ್ಟು ಕಳಿಸಿದರು. ತರಗುಪೇಟೆಯ ಬೇಳೆ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಂದು ರಾತ್ರಿ ಊಟ ಮಾಡುತ್ತ, "ದಸರಾ ಒಳಗೆ ಏನೂ ಆಗ್ಲಿಲ್ಲ ಅಂದ್ರೆ ಮಂಡಿಗೆ ಬಂದ್ಬಿಡು. ಅಲ್ಲಿ ಮಾತಾಡೋ ಕೆಲಸ ಇಲ್ಲ" ಎಂದರು. ಅವರು ಹೇಳಿದ್ದು ಪ್ರೀತಿಯಿಂದಲೇ. ಆದರೆ ಬದುಕಿಡೀ ಮಾತಾಡದೆ ಇರುವುದೆಂದರೆ ಏನೆಂದು ಯೋಚಿಸುತ್ತ ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ.

ಅದೇ ವಾರ ಚಾಮರಾಜಪೇಟೆಯ ಒಂದು ಕನ್ನಡ ಮಾಧ್ಯಮದ ಶಾಲೆಯಿಂದ ಕರೆ ಬಂತು. ಅಲ್ಲಿನ ಹೆಡ್‌ಮಿಸ್ಟ್ರೆಸ್ ನನ್ನ ಹೆಸರನ್ನು ಅರ್ಜಿಯಲ್ಲೇ ಓದಿಕೊಂಡರು, ಕೇಳಲಿಲ್ಲ. ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು. "ಒಂಬತ್ತನೇ ಕ್ಲಾಸಿಗೆ ಯುರೋಪ್ ಪಾಠ ನಿಂತ್ಹೋಗಿದೆ. ಅದನ್ನೇ ಮಾಡಿ ತೋರ್ಸಿ, ನಾನು ಹಿಂದೆ ಕೂತ್ಕೋತೀನಿ" ಎಂದರು. ಬಂದ ಅರ್ಧ ಜೀವ ಹೋಯಿತು.

ಗೋಡೆಗೆ ಭೂಪಟ ನೇತುಹಾಕಿ ಶುರು ಮಾಡಿದೆ. ಡಾಯ್ಚ್‌ಲಾಂಡ್ ಬಂತು, ಹೆಲ್ಲಾಸ್ ಬಂತು. ನನ್ನ ಮಾತು ನೀರಿನಂತೆ ಹರಿಯುತ್ತಿತ್ತು, ಮಕ್ಕಳು ಕಣ್ಣು ಕಣ್ಣು ಬಿಡುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಇದು ನಮ್ ಪುಸ್ತಕದಲ್ಲಿ ಇಲ್ಲ" ಎಂದಳು.

"ಅಲ್ಲಿನೋರು ಹಾಗೇ ಅನ್ನೋದಮ್ಮ" ಎಂದೆ.

ಹಿಂದಿನಿಂದ ಹೆಡ್‌ಮಿಸ್ಟ್ರೆಸ್ ಧ್ವನಿ ಬಂತು. "ಅಲ್ಲಿನೋರು ಅನ್ಲಿ ಮೇಷ್ಟ್ರೇ. ಇವ್ರು ಇಲ್ಲಿನೋರಲ್ವಾ? ಪರೀಕ್ಷೆಲಿ ಹೆಲ್ಲಾಸ್ ಅಂತ ಬರೆದ್ರೆ ಮಾರ್ಕ್ಸ್ ಕೊಡೋರ್ಯಾರು? ಪುಸ್ತಕದಲ್ಲಿರೋ ಹೆಸರೇ ಹೇಳಿ."

ಅವರ ಮಾತು ನ್ಯಾಯವಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಕೋಲನ್ನು ಭೂಪಟದ ಮೇಲಿಟ್ಟು, ತರಗುಪೇಟೆಯ ಮಂಡಿಯನ್ನು ಒಮ್ಮೆ ನೆನೆದು, ಬಾಯಿ ತೆರೆದೆ. "ಇದು... ಗ್... ಗ್ರೀ..."

ಅಲ್ಲಿಗೆ ಬೀಗ ಬಿತ್ತು.

"ಗ್ರೀಸ್!" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

ನನಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಶಾಲೆಗಳಲ್ಲಿ ಮೇಷ್ಟ್ರುಗಳು ಪಾಠ ಮಾಡುವುದೇ ಹಾಗೆ. "ಭೂಮಿ ಸೂರ್ಯನ ಸುತ್ತ ಸು..." ಎಂದು ಎಳೆದು ನಿಲ್ಲಿಸಿದರೆ ಮಕ್ಕಳು "ತ್ತುತ್ತದೆ" ಎಂದು ಮುಗಿಸಬೇಕು. ಒಂದನೇ ತರಗತಿಯಿಂದ ನಾನೂ ಹಾಗೆ ಕೂಗಿ ಕೂಗಿಯೇ ಕಲಿತವನು. ಮಕ್ಕಳ ಪಾಲಿಗೆ ನಾನು ಉಗ್ಗಿರಲಿಲ್ಲ, ಪ್ರಶ್ನೆ ಕೇಳಿದ್ದೆ.

ಕೋಲನ್ನು ಮೇಲಕ್ಕೆ ಸರಿಸಿದೆ. "ಇದು ಜ... ಜ..."

ಬಹಳ ಜನ "ಜರ್ಮನಿ" ಎಂದರು. ಮೂಲೆಯಿಂದೊಬ್ಬ "ಜಪಾನ್" ಎಂದು ಕಿರುಚಿದ. ಮುಂದಿನ ಬೆಂಚಿನ ಹುಡುಗಿ ತಿರುಗಿ, "ಜಪಾನ್ ಅಲ್ಲೆಲ್ಲಿದ್ಯೋ, ನೆಟ್ಟಗೆ ನೋಡು" ಎಂದು ಗದರಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಯಲ್ಲಿ ನಾನು ತಡವರಿಸಿದಾಗ ಅಮ್ಮ ಪಾಪ ಎನ್ನುವ ಮುಖ ಮಾಡಿಕೊಂಡು ಮಾತು ಮುಗಿಸುತ್ತಿದ್ದಳು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮಕ್ಕಳು ಮುಗಿಸಿದಾಗ ಹಾಗಾಗಲಿಲ್ಲ. ಮೊದಲು ಯಾರು ಹೇಳುತ್ತಾರೆಂದು ಅವರಿಗೆ ಪೈಪೋಟಿ, ನನ್ನ ಮೇಲೆ ಕರುಣೆ ತೋರಿಸಲು ಪುರಸೊತ್ತೇ ಇರಲಿಲ್ಲ. ಬೆಲ್ ಹೊಡೆಯುವ ಹೊತ್ತಿಗೆ ನಾವು ಯುರೋಪನ್ನು ಒಂದು ಸುತ್ತು ಹಾಕಿದ್ದೆವು, ಒಂದೂ ಹೆಸರು ತಪ್ಪಿಸದೆ.

ಹೆಡ್‌ಮಿಸ್ಟ್ರೆಸ್ ತಮ್ಮ ಕೋಣೆಗೆ ಕರೆದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಎಷ್ಟು ವರ್ಷದಿಂದ ಇದೆ?" ಎಂದು ಕೇಳಿದರು.

"ಯಾವುದು ಮೇಡಂ?"

"ಉಗ್ಗು."

ಮಕ್ಕಳ ಕಣ್ಣಿಗೆ ಮಣ್ಣೆರಚಿದ್ದೆ, ಇವರ ಕಣ್ಣಿಗಲ್ಲ. ಎಲ್ಲ ಮುಗಿಯಿತು ಎಂದುಕೊಂಡು, "ಚಿಕ್ಕಂದಿನಿಂದ" ಎಂದೆ.

ಅವರು ಕನ್ನಡಕ ಹಾಕಿಕೊಂಡರು. "ಸೋಮವಾರದಿಂದ ಬನ್ನಿ. ಆದ್ರೆ ಆ ಹೆಲ್ಲಾಸು ಗಿಲ್ಲಾಸು ಎಲ್ಲ ಬೇಡ. ನೀವು ಸಿಕ್ಕಾಕೊಳ್ಳೋ ಹೆಸರನ್ನೇ ಹೇಳಿ. ಮಕ್ಕಳು ಬಿಡಿಸ್ತಾರೆ."

ಹೊರಗೆ ಬಂದು ಶಾಲೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಕೆಲಸ ಸಿಕ್ಕ ಸಂತೋಷ ಇತ್ತು, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಇಷ್ಟು ವರ್ಷ ಯಾರಿಗೂ ಗೊತ್ತಾಗಬಾರದೆಂದು ಕಾಪಾಡಿಕೊಂಡಿದ್ದು ಒಬ್ಬರಿಗೆ ಗೊತ್ತಾಗಿತ್ತು, ಆಕಾಶವೇನೂ ಬಿದ್ದಿರಲಿಲ್ಲ. ಎದೆಯ ಮೇಲಿಂದ ಚಪ್ಪಡಿ ಇಳಿಸಿದ ಹಾಗೆ ಹಗುರವಾಯಿತು.

ಆ ಶಾಲೆಯಲ್ಲೇ ನನ್ನ ಕೂದಲು ನರೆಯಿತು. ಉಗ್ಗು ಪೂರ್ತಿ ಹೋಗಲಿಲ್ಲ, ನಾನೂ ಅದನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಮುಂದೆ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಮಾಡಬೇಕೆಂಬ ಮಾತು ಬಂದಾಗ ಸ್ಟಾಫ್ ರೂಮಿನಲ್ಲಿ ದಿನವೂ ಜಗಳ. ಬ್ಯಾಂಗಲೋರ್ ಇರಲಿ ಎಂದು ಅರ್ಧ ಜನ, ಬೇಡವೆಂದು ಅರ್ಧ ಜನ. ಕೊನೆಗೆ ಭೂಗೋಳದ ಮೇಷ್ಟ್ರೆಂದು ನನ್ನ ಅಭಿಪ್ರಾಯ ಕೇಳಿದರು. "ಎರಡೂ ಬ ಅಕ್ಷರವೇ, ನನಗೇನೂ ತೊಂದರೆ ಇಲ್ಲ" ಎಂದೆ. ನನ್ನ ಸಂಗತಿ ಅಷ್ಟರಲ್ಲಿ ಎಲ್ಲರಿಗೂ ಗೊತ್ತಿದ್ದರಿಂದ ನಗುವಿನಲ್ಲಿ ಜಗಳ ಮುಗಿಯಿತು.

ಆದರೆ ಕೆಲಸ ಸಿಕ್ಕ ಆ ದಿನದ ಸಂಜೆಯ ಮಾತು ಇನ್ನೂ ಉಳಿದಿದೆ. ಮನೆಗೆ ಹೋಗುವ ಮೊದಲು ಗಾಂಧಿ ಬಜಾರಿನಲ್ಲಿ ನಾನು ಯಾವಾಗಲೂ ಹೋಗುತ್ತಿದ್ದ ಹೋಟೆಲಿಗೆ ಹೋದೆ. ಕ್ಯಾಷ್ ಮೇಜಿನಲ್ಲಿ ಕೂರುತ್ತಿದ್ದವರು ನನ್ನನ್ನು ನೋಡಿದೊಡನೆ ಟೀ ಟೋಕನ್ ಹರಿಯಲು ಕೈ ಹಾಕಿದರು. ಬೇಡ ಎಂದು ತಲೆಯಾಡಿಸಿದೆ.

"ಕ... ಕ... ಕ..." ಎಂದೆ. ಹಿಂದೆ ನಾಲ್ಕು ಜನ ನಿಂತಿದ್ದರು. ಅವರು ನಿಂತಿರಲಿ ಎಂದುಕೊಂಡೆ. "ಕಾಫಿ."

ಕ್ಯಾಷ್ ಮೇಜಿನವರು ಆಶ್ಚರ್ಯದಿಂದ ಟೋಕನ್ ಮುಂದಿಟ್ಟರು. "ಏನ್ ಸಾರ್, ಇವತ್ತು ಟೀ ಬೇಡ್ವಾ?"

"ಟೀ ನನಗೆ ಯಾವತ್ತೂ ಇಷ್ಟ ಇರ್ಲಿಲ್ಲ" ಎಂದೆ, ಎಲ್ಲೂ ತಡವರಿಸದೆ.