ಕಂಪನಿ ಫಿಟಿಂಗ್

ಹೊಸ ವಸ್ತುವಿನ ಪ್ಲಾಸ್ಟಿಕ್ ಕಿತ್ತರೆ ನನ್ನ ಅಳಿಯನಿಗೆ ಜೀವ ಹೋದಂತಾಗುತ್ತದೆ. ಅವರ ಮನೆಯ ಟಿವಿ ರಿಮೋಟ್ ಇವತ್ತಿಗೂ ಕವರಿನೊಳಗೇ ಇದೆ, ಒಂದು ಗುಂಡಿ ಒತ್ತಲು ಹೋದರೆ ಎರಡು ಒತ್ತಿಹೋಗುತ್ತವೆ. ಕಾರು ತಂದು ವರ್ಷಗಳಾದರೂ ಸೀಟಿನ ಮೇಲಿನ ಹಾಳೆ ಹೋಗಿಲ್ಲ. ಕಲಬುರಗಿಯಿಂದ ನಮ್ಮೂರು ಕಮಲಾಪುರ ಮುಟ್ಟುವ ಹೊತ್ತಿಗೆ ನನ್ನ ಬೆನ್ನು ಆ ಸೀಟಿಗೆ ಅಂಟಿಕೊಂಡಿರುತ್ತದೆ, ಇಳಿಯುವಾಗ ಬಿಡಿಸಿಕೊಂಡು ಏಳಬೇಕು. ಆದರೂ ಏನೂ ಅನ್ನುವಂತಿಲ್ಲ. ನಮ್ಮ ಕಡೆ ಅತ್ತೆಯಾದವಳು ತಲೆಯ ಮೇಲೆ ಸೆರಗು ಹೊದ್ದು, "ಕೂಡ್ರಿ, ಹೋಳಿಗಿ ಇನ್ನೊಂದು ಹಾಕ್ಲೇನ್ರಿ" ಎನ್ನಬೇಕೇ ಹೊರತು ಅಳಿಯನಿಗೆ ಬುದ್ಧಿ ಹೇಳಬಾರದು. ನಾನೋ ಪ್ರಾಥಮಿಕ ಶಾಲೆಯಲ್ಲಿ ಬುದ್ಧಿ ಹೇಳಿಯೇ ನಿವೃತ್ತಳಾದವಳು. ಸುಮ್ಮನೆ ಕೂಡುವುದೆಂದರೆ ನನಗೆ ದೊಡ್ಡ ಶಿಕ್ಷೆ.

ಮೊಮ್ಮಗಳಿಗೆ ಏಳು ತುಂಬಿದಾಗ ಅಳಿಯಂದಿರು ಸೈಕಲ್ ತಂದರು. ಸೈಕಲ್ ಅಂಗಡಿಯಿಂದಲ್ಲ, ಸೂಪರ್ ಮಾರ್ಕೆಟ್ಟಿನಿಂದ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂದರೆ ಒಂದು ಪೇಟೆಯ ಹೆಸರೂ ಹೌದು. ನಾನು ಹೇಳುತ್ತಿರುವುದು ಆ ಪೇಟೆಯನ್ನಲ್ಲ, ಬಾಗಿಲು ತೆರೆದರೆ ಮುಖಕ್ಕೆ ತಣ್ಣನೆ ಗಾಳಿ ಹೊಡೆಯುವ, ತೊಗರಿಬೇಳೆ, ಬನಿಯನ್, ಪಾಯಖಾನೆ ತೊಳೆಯುವ ಬಾಟಲಿ ಎಲ್ಲವನ್ನೂ ಒಂದೇ ಛಾವಣಿಯಡಿ ಮಾರುವ ಅಂಗಡಿಯನ್ನು. ಅಲ್ಲಿ ಬೇಳೆಯ ಸಾಲು ಮುಗಿದು ಬಕೀಟುಗಳ ಸಾಲು ಶುರುವಾಗುವ ಜಾಗದಲ್ಲಿ ಮಕ್ಕಳ ಸೈಕಲ್ಲುಗಳನ್ನು ನಿಲ್ಲಿಸಿರುತ್ತಾರೆ. ನಮ್ಮದು ಗುಲಾಬಿ ಬಣ್ಣದ್ದು. ಮುಂದೊಂದು ಬುಟ್ಟಿ, ಹಿಂದೆ ಆಸರೆಗೆ ಎರಡು ಪುಟ್ಟ ಗಾಲಿ, ಹಿಡಿಕೆಗೆ ಜರಿಯ ಕುಚ್ಚು, ಹ್ಯಾಂಡಲಿನ ಬುಡದಿಂದ ತುದಿಯವರೆಗೆ ಒತ್ತಿದರೆ ಪಟ್ ಎನ್ನುವ ಗುಳ್ಳೆ ಪ್ಲಾಸ್ಟಿಕ್ಕು.

ಮಗಳ ಮನೆ ಇರುವುದು ಶಹಾಬಜಾರದಲ್ಲಿ. ಆ ಓಣಿಯಲ್ಲಿ ಎರಡು ಮೋಟರ್ ಸೈಕಲ್ ಎದುರಾದರೆ ಒಂದು ಯಾರದೋ ಮನೆಯ ಮೆಟ್ಟಿಲೇರಬೇಕು. ಅಲ್ಲಿ ಹುಡುಗಿ ಸೈಕಲ್ ಹೊಡೆಯುವುದೆಲ್ಲಿ? ಹಾಗಾಗಿ ಅದು ಪಡಸಾಲೆಯಲ್ಲೇ ನಿಂತಿತು. ಕುಂಕುಮ ಹಚ್ಚಿ, ಹೂವು ಏರಿಸಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟರು. ನೆರೆಯವರು ಬಂದು ನೋಡಿ ಹೋದರು, ಫೋಟೋಗಳಾದವು. ಆ ಪೂಜೆಗೆ ಹೋದ ನಾನು ಬಾಯಿ ತಡೆಯಲಾರದೆ, "ಒಮ್ಮೆ ಸೈಕಲ್ ಅಂಗಡ್ಯಾಗ ತೋರಿಸಿ ನಟ್ಟು ಬಿಗಿ ಮಾಡಿಸ್ರಿ" ಎಂದೆ.

ಅಳಿಯಂದಿರು ನಕ್ಕರು. "ಯಾಕ್ರಿ ಅತ್ತಿ? ಕಂಪನಿ ಫಿಟಿಂಗ್ ಅದ. ಬ್ಯಾರೆದವರು ಕೈ ಹಚ್ಚಿದ್ರ ಕೆಡ್ತದ."

"ಪ್ಲಾಸ್ಟಿಕ್ಕರೆ ತಗೀರಿ, ಒಳಗ ಹ್ಯಾಂಗದ ನೋಡೂಣು."

"ಇರಲಿ ಬಿಡ್ರಿ. ಕಮಲಾಪುರದಾಗ ನಿಮ್ಮ ಮಂದಿ ನೋಡ್ಲಿ, ಆಮ್ಯಾಲ ತಗದ್ರಾಯ್ತು."

ಕಂಪನಿ ಫಿಟಿಂಗ್! ಈ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮ ಜನ ಕೈಮುಗಿದು ನಿಂತುಬಿಡುತ್ತಾರೆ. ಇದೇ ಮಹಾನುಭಾವರು ಕಾಯಿಪಲ್ಲೆ ಸಂತೆಯಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾರೆ. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ, ನೀರು ಕಡಿಮೆ ಎಂದು ಅಂಗಡಿಯವಳ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಕೂರಿಸುವ ಸೈಕಲ್ಲನ್ನು ಮಾತ್ರ ಅಲ್ಲಾಡಿಸಿ ನೋಡಬಾರದಂತೆ, ಕೆಡುತ್ತದಂತೆ.

ನಾನು ಕಮಲಾಪುರದಿಂದ ಪಕ್ಕದ ಹಳ್ಳಿಯ ಶಾಲೆಗೆ ವರ್ಷಾನುಗಟ್ಟಲೆ ಲೇಡೀಸ್ ಸೈಕಲ್ಲಿನಲ್ಲಿ ಓಡಾಡಿದವಳು. ದಿನಾ ಹೊರಡುವ ಮುನ್ನ ಮುಂದಿನ ಗಾಲಿಯನ್ನು ಎರಡೂ ಮೊಣಕಾಲ ನಡುವೆ ಗಟ್ಟಿಯಾಗಿ ಹಿಡಿದು ಹ್ಯಾಂಡಲ್ ತಿರುವಿ ನೋಡುತ್ತಿದ್ದೆ. ಗಾಲಿ ಬಿಟ್ಟು ಹ್ಯಾಂಡಲ್ ಒಂದೇ ತಿರುಗಿದರೆ ಸೈಕಲ್ ಹತ್ತಬಾರದು. ಇಷ್ಟು ತಿಳಿಯಲು ಯಾವ ವಿದ್ಯೆಯೂ ಬೇಡ, ಎರಡು ಮೊಣಕಾಲಿದ್ದರೆ ಸಾಕು.

ಮುಂದಿನ ಭಾನುವಾರ ಸೈಕಲ್ಲನ್ನು ಕಾರಿನಲ್ಲಿ ಹೇರಿಕೊಂಡು ಕಮಲಾಪುರಕ್ಕೆ ಬಂದರು. ನಮ್ಮ ಮನೆಯ ಮುಂದಿನ ಓಣಿ ಇಳಿಜಾರು. ಅದು ಹೋಗಿ ಸೇರುವುದು ಹುಮನಾಬಾದಿನ ಕಡೆಗೆ ಲಾರಿಗಳು ಓಡುವ ದೊಡ್ಡ ರಸ್ತೆಗೆ. ರಸ್ತೆಗೆ ಕೊಂಚ ಮೊದಲು ಎಡಕ್ಕೊಂದು ತಿರುವು, ಎದುರಿಗೆ ನೆರೆಮನೆಯವರ ಕಲ್ಲಿನ ಕಟ್ಟೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಚಪ್ಪಾಳೆ ಕೇಳಿಸಿತು. ಹುಡುಗಿಯನ್ನು ಸೈಕಲ್ ಹತ್ತಿಸಿಬಿಟ್ಟಿದ್ದರು. ಹಿಟ್ಟಿನ ಕೈಯಲ್ಲೇ ಓಡಿಬಂದು, "ತಡೀರಿ, ನಾ ಒಮ್ಮೆ ನೋಡ್ತೀನಿ" ಎನ್ನುವಷ್ಟರಲ್ಲಿ ಅಳಿಯಂದಿರು ಕೈಬಿಟ್ಟು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು.

ಅವಳು ತಿರುವಿನ ತನಕ ಚೆನ್ನಾಗಿಯೇ ಹೋದಳು. ಅಲ್ಲಿ ಎಡಕ್ಕೆ ಹ್ಯಾಂಡಲ್ ತಿರುವಿದಳು, ನಾನು ಕಣ್ಣಾರೆ ನೋಡಿದೆ. ಹ್ಯಾಂಡಲ್ ಎಡಕ್ಕೆ ತಿರುಗಿತು, ಗಾಲಿ ನೆಟ್ಟಗೆ ಇಳಿಜಾರು ಹಿಡಿದು ಹೋಯಿತು. ಬ್ರೇಕ್ ಒತ್ತಿದಳು, ಅದೂ ಹಿಡಿಯಲಿಲ್ಲ. ಸೈಕಲ್ ಕಟ್ಟೆಗೆ ಬಡಿದು ಹುಡುಗಿ ಕಲ್ಲಿನ ಮೇಲೆ ಬಿದ್ದಳು, ಗದ್ದ ಒಡೆಯಿತು. ಅದೇ ಹೊತ್ತಿಗೆ ಕಟ್ಟೆಯ ಆಚೆ ಒಂದು ಲಾರಿ ಹಾರ್ನ್ ಹೊಡೆಯುತ್ತ ಹೋಯಿತು. ಕಟ್ಟೆ ಒಂದಿಷ್ಟು ಪಕ್ಕಕ್ಕಿದ್ದರೆ ಸೈಕಲ್ ನೇರ ಆ ಲಾರಿಯ ಕೆಳಗೇ ಹೋಗುತ್ತಿತ್ತು.

ದವಾಖಾನೆಯಲ್ಲಿ ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದೆವು. ಅಳಿಯಂದಿರು ಖುರ್ಚಿಯಲ್ಲಿ ಕೂತು ನೀರು ಕುಡಿದು, "ಹುಡುಗರು ಬೀಳ್ತಾವ್ರಿ ಅತ್ತಿ. ಇಕಿಗಿನ್ನೂ ತಿರುವೂದು ಬರಂಗಿಲ್ಲ, ಕಲೀತಾಳ" ಎಂದರು.

ತಾಯಿಯ ತೊಡೆಯ ಮೇಲೆ ಮಲಗಿದ್ದ ಹುಡುಗಿ ಗದ್ದ ಅಲುಗಿಸಲಾರದೆ ನನ್ನ ಕಡೆ ನೋಡಿ, "ನಾ ತಿರುವಿದ್ದೆ ಆಯಿ. ಖರೇನೇ ತಿರುವಿದ್ದೆ" ಎಂದು ಅಳತೊಡಗಿದಳು. ನೋವಿಗಿಂತ ತಪ್ಪು ತನ್ನ ತಲೆಗೆ ಬಂತೆಂಬ ಸಂಕಟವೇ ಅವಳಿಗೆ ಹೆಚ್ಚಾಗಿತ್ತು.

ಅಂಗಳಕ್ಕೆ ಹೋಗಿ ಸೈಕಲ್ ಎತ್ತಿ ನಿಲ್ಲಿಸಿದೆ. ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುವಿದೆ. ಗಾಲಿ ಇದ್ದಲ್ಲೇ ಇತ್ತು, ಹ್ಯಾಂಡಲ್ ಸೌಟಿನ ಹಾಗೆ ಸುತ್ತ ತಿರುಗಿತು. ಗುಳ್ಳೆ ಪ್ಲಾಸ್ಟಿಕ್ಕನ್ನು ಪರಪರ ಹರಿದೆ. ಬುಡದ ಬೋಲ್ಟು ಬೆರಳಿಂದಲೇ ತಿರುಗಿತು. ಬ್ರೇಕಿನ ತಂತಿ ಸಡಿಲಾಗಿ ಜೋತುಬಿದ್ದಿತ್ತು. ಸೆರಗು ತಲೆಯಿಂದ ಯಾವಾಗಲೋ ಜಾರಿತ್ತು.

"ಅವ್ವಾ, ಸಾಕು ಬಿಡು" ಎಂದಳು ಮಗಳು.

"ನೋಡ್ರಿ, ಕಣ್ತುಂಬ ನೋಡ್ರಿ ನಿಮ್ಮ ಕಂಪನಿ ಫಿಟಿಂಗ್" ಎಂದೆ. ಅಳಿಯಂದಿರು ಬಂದು ಬೋಲ್ಟನ್ನು ತಾವೂ ಬೆರಳಿಂದ ತಿರುವಿ ನೋಡಿದರು. ಆ ರಾತ್ರಿ ಅವರು ಊಟಕ್ಕೆ ಕೂಡಲಿಲ್ಲ, ನಾನೂ ಹೋಳಿಗೆ ಹಾಕಲು ಹೋಗಲಿಲ್ಲ.

ಮರುದಿನ ಎಲ್ಲರೂ ಸೈಕಲ್ ಸಮೇತ ಆ ಅಂಗಡಿಗೆ ಹೋದೆವು. ಬಾಗಿಲಲ್ಲಿ ಒಬ್ಬ ಕಾವಲಿನವನು, ಹೊರಹೋಗುವವರ ಚೀಲದಲ್ಲಿ ಕೈ ಹಾಕಿ ಒಂದು ಸಾಬೂನು ಹೆಚ್ಚಿಗೆ ಹೋಗದಂತೆ ನೋಡುತ್ತಿದ್ದ. ಸಾಬೂನಿಗೆ ಇಷ್ಟು ಕಾವಲು! ಮ್ಯಾನೇಜರ್ ಸೈಕಲ್ಲನ್ನು ದೂರದಿಂದಲೇ ನೋಡಿ ತಲೆಯಾಡಿಸಿದ. "ಪ್ಯಾಕಿಂಗ್ ತಗದೀರಲ್ರಿ ಮೇಡಂ. ಪ್ಲಾಸ್ಟಿಕ್ ಇರಲಾರದ ವಾಪಸ್ ತಗೊಳಂಗಿಲ್ರಿ."

"ಇದನ್ನ ಜೋಡಿಸಿದವ್ರು ಯಾರು?"

"ಯಾರರೆ ಖಾಲಿ ಇದ್ದವ್ರು ಮಾಡ್ತಾರ್ರಿ. ಬ್ಯಾಳಿ ಕಡೆದವ್ರು, ಬಕೀಟು ಕಡೆದವ್ರು."

ನಾನು ಚೀಲದಿಂದ ಹರಿದ ಗುಳ್ಳೆ ಪ್ಲಾಸ್ಟಿಕ್ಕನ್ನೆಲ್ಲ ತೆಗೆದು ಅವನ ಮೇಜಿನ ಮೇಲೆ ಸುರಿದೆ. "ತಗೋರಿ. ನಿಮಗ ಬೇಕಾದದ್ದು ಇದೇ ಅಲ್ಲ?" ಅವನು ಅದನ್ನು ಬಿಡಿಸಿ, ಸವರಿ, ಮಡಚತೊಡಗಿದ.

ಸೈಕಲ್ಲುಗಳ ಸಾಲಿಗೆ ಹೋದೆ. ಮೊದಲನೆಯದರ ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ತಿರುವಿದೆ, ಅದರ ಹ್ಯಾಂಡಲೂ ತಿರುಗಿತು. ಅದರ ಪಕ್ಕದ ಕೆಂಪು ಸೈಕಲ್ಲಿನ ಮೇಲೆ ಒಬ್ಬ ತಂದೆ ತನ್ನ ಮಗನನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದ.

"ಅದನ್ನೂ ಒಮ್ಮೆ ನೋಡ್ಬೇಕ್ರಿ" ಎಂದೆ.

"ಏನಾಗಲ್ರಿ ಅಮ್ಮಾ, ಕಂಪನಿ ಫಿಟಿಂಗ್ ಅದ" ಎಂದು ನಕ್ಕ.

ನನ್ನ ನಾಲಿಗೆಯ ತುದಿಗೆ ಬಂದ ಮಾತು ಒಳ್ಳೆಯದಿರಲಿಲ್ಲ. ಅದು ಹೊರಬೀಳುವ ಮೊದಲೇ ಮೊಮ್ಮಗಳು ತಾಯಿಯ ಕೈ ಬಿಡಿಸಿಕೊಂಡು ಬಂದು, ಗದ್ದದ ಪಟ್ಟಿ ಹೊತ್ತ ಮುಖವನ್ನೆತ್ತಿ ಆ ಹುಡುಗನ ಮುಂದೆ ನಿಂತಳು.

"ಇಳಿ," ಎಂದಳು. "ನೀ ತಿರುವಿದ ಕಡೆ ಇದು ಹೋಗಂಗಿಲ್ಲ. ಆಮ್ಯಾಲ ನಿನಗೇ ತಿರುವೂದು ಬರಂಗಿಲ್ಲ ಅಂತಾರ."

ನನ್ನ ಬೆನ್ನ ಹಿಂದೆ ನಿಂತಿದ್ದ ಅಳಿಯಂದಿರು ತಲೆ ತಗ್ಗಿಸಿದರು. ಆ ತಂದೆ ಅವಳ ಗದ್ದವನ್ನು ಒಂದು ಗಳಿಗೆ ನೋಡಿ, ಫೋನನ್ನು ಜೇಬಿಗಿಳಿಸಿ, ಮಗನನ್ನು ಎತ್ತಿ ಕೆಳಗಿಳಿಸಿದ. ಮ್ಯಾನೇಜರ್ ಆಗಲೂ ಪ್ಲಾಸ್ಟಿಕ್ ಮಡಚುತ್ತಲೇ ಇದ್ದ.