ಅಕ್ಕನ ತಲೆಗೆ ಕಟ್ಟಿದ ಪಟ್ಟಿ

ನನ್ನ ಅಕ್ಕ ಜೇವರ್ಗಿ ಬಸ್ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದಳು. ಕಂಡಕ್ಟರ್ ಆಗಿ ಸೇರಿದವಳು, ಮೊಣಕಾಲು ಸವೆದ ಮೇಲೆ ಮೈಕಿನ ಮುಂದೆ ಕುಳಿತಳು. ಅಫಜಲಪುರ, ಗಾಣಗಾಪುರ ಎಂದು ಅವಳು ಕೂಗುವ ದನಿ ಹೊರಗಿನ ಚಹಾದಂಗಡಿಯವರೆಗೂ ಕೇಳುತ್ತಿತ್ತು. ಮದುವೆಯಾಗಲಿಲ್ಲ. ನನ್ನನ್ನು ಓದಿಸಿ ಆಳಂದದಲ್ಲಿ ಶಿಕ್ಷಕಿಯಾಗುವಂತೆ ಮಾಡಿದವಳು ಅವಳೇ.

ಐವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಲಕ್ವಾ ಹೊಡೆಯಿತು. ನಾನು ಅವಳನ್ನು ಆಳಂದಕ್ಕೆ ಕರೆತಂದೆ. ಮೂರು ತಿಂಗಳಲ್ಲಿ ಬಲಗೈ ತಕ್ಕಮಟ್ಟಿಗೆ ಸುಧಾರಿಸಿತು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ತಾನು ಹೇಳಲು ಬಾಯಿ ತೆರೆದರೆ ‘ತ, ತ’ ಎಂಬ ಸದ್ದಷ್ಟೇ ಹೊರಡುತ್ತಿತ್ತು. ಆಗ ಅವಳು ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತಲೆಗೆ ಹಗುರವಾದ ಕರೆಂಟ್ ಕೊಟ್ಟು, ಜೊತೆಗೇ ಮಾತಿನ ಅಭ್ಯಾಸ ಮಾಡಿಸುತ್ತಾರೆಂದು ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ಹೇಳಿದರು. ಅಕ್ಕ ತಲೆ ಅಡ್ಡ ಅಲ್ಲಾಡಿಸಿದಳು. ಕರೆಂಟ್ ಕೊಡುವುದು ಹುಚ್ಚರಿಗೆ ಎಂಬುದು ಅವಳ ಎಣಿಕೆ. ಹದಿನೈದು ದಿನ ಬೆನ್ನುಬಿದ್ದು ಒಪ್ಪಿಸಿದೆ.

ಅಲ್ಲಿನ ಡಾಕ್ಟರ್ ಅಫಜಲಪುರದ ಕಡೆಯ ಹೆಣ್ಣುಮಗಳು. ಅಕ್ಕನ ಕೈ ಹಿಡಿದುಕೊಂಡೇ ಮಾತಾಡಿದರು. ‘ಹೆದರಬ್ಯಾಡ್ರಿ ಅಕ್ಕಾರ, ಇದು ಶಾಕ್ ಅಲ್ಲ. ಮಂಕಾಗಿ ಕುಂತ ಭಾಗಾನ ಒಂದೀಟು ಎಬ್ಬಸ್ತದ, ಅಷ್ಟೇ. ಮಾತು ನೀವೇ ಕಲೀಬೇಕ್ರಿ.’ ಎಲ್ಲರಿಗೂ ಗುಣ ಕಾಣುವುದಿಲ್ಲ ಎಂಬುದನ್ನೂ ನನಗೆ ಬೇರೆಯಾಗಿ ಹೇಳಿದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ದಿನ ತಂತಿಗಳಿದ್ದ ಟೋಪಿ ಹಾಕಿ ಮೆದುಳಿನ ಅಲೆಗಳ ಚಿತ್ರ ತೆಗೆದರು. ಆಮೇಲೆ ಉಪ್ಪುನೀರಲ್ಲಿ ಅದ್ದಿದ ಎರಡು ಸ್ಪಂಜಿನ ತುಂಡುಗಳನ್ನು ತಲೆಗಿಟ್ಟು, ರಬ್ಬರ್ ಪಟ್ಟಿ ಬಿಗಿದು, ಪುಟ್ಟ ಯಂತ್ರದ ಗುಂಡಿ ಒತ್ತಿದರು. ಸದ್ದಿಲ್ಲ, ನಡುಕವಿಲ್ಲ. ಅಕ್ಕ ಹಣೆ ಕೆರೆದುಕೊಳ್ಳಲು ಕೈ ಎತ್ತಿ ಮತ್ತೆ ಇಳಿಸಿದಳು. ಇಪ್ಪತ್ತು ನಿಮಿಷ ಮಾತಿನ ಅಭ್ಯಾಸ ಮಾಡಿಸುವಾಕೆ ಒಂದೊಂದೇ ಚಿತ್ರ ತೋರಿಸಿ ಹೆಸರು ಹೇಳಿಸಲು ನೋಡಿದಳು. ಹೀಗೆ ಹತ್ತು ದಿನ ನಡೆಯಿತು. ಐದನೆಯ ದಿನ ಲೋಟದ ಚಿತ್ರ ನೋಡಿ ಅಕ್ಕ ‘ನೀರ’ ಅಂದಳು. ನಾನು ವರಾಂಡಕ್ಕೆ ಹೋಗಿ ಅತ್ತೆ.

ಕೊನೆಯ ದಿನ ಮತ್ತೊಮ್ಮೆ ಅಲೆಗಳ ಚಿತ್ರ ತೆಗೆದರು. ಡಾಕ್ಟರ್ ಎರಡನ್ನೂ ಪಕ್ಕದಲ್ಲಿಟ್ಟು, ಎಡಭಾಗದಲ್ಲಿ ಮೊದಲು ನಿಧಾನವಾಗಿದ್ದ ಅಲೆಗಳು ಈಗ ಸ್ವಲ್ಪ ಚುರುಕಾಗಿವೆ ಎಂದು ಬೆರಳಿಟ್ಟು ತೋರಿಸಿದರು. ಆ ಗೆರೆಗಳು ಬದಲಾದಷ್ಟೂ ಮಾತು ಬರುತ್ತದೆಂದು ಅಂದುಕೊಳ್ಳಬೇಡಿ ಎಂದೂ ಸೇರಿಸಿದರು. ನಾನು ಮಾತ್ರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂಧುಗಳಿಗೆಲ್ಲ ಕಳಿಸಿದೆ.

ಮನೆಗೆ ಬಂದ ಮೇಲೆ ನನಗೆ ಹಟ ಹಿಡಿಯಿತು. ರಟ್ಟು ಕತ್ತರಿಸಿ ಚಿತ್ರ ಅಂಟಿಸಿದೆ. ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟ ಕೂಡಲೇ ಅವಳೆದುರು ಕೂರುತ್ತಿದ್ದೆ. ಎಮ್ಮೆ, ಬುಟ್ಟಿ, ಕೊಡೆ. ಒಂದು ವಾರ ಬಂದ ಶಬ್ದ ಮುಂದಿನ ವಾರ ಕಳೆದುಹೋಗುತ್ತಿತ್ತು. ‘ನಿನ್ನೆ ಹೇಳಿದ್ಯಲ್ಲ ಅಕ್ಕಾ, ಇವತ್ತ ಯಾಕ ಆಗವಲ್ದು?’ ಎಂದು, ಪಾಠ ಒಪ್ಪಿಸದ ಮಕ್ಕಳಿಗೆ ಗದರಿದಂತೆ ಗದರಿದ್ದೂ ಉಂಟು. ಅವಳು ಬೆವರುತ್ತಿದ್ದಳು. ಊಟದ ಹೊತ್ತಿಗೂ ನಾನು ರೊಟ್ಟಿ ಕೈಯಲ್ಲಿ ಹಿಡಿದು, ಹೆಸರು ಹೇಳಿದ ಮೇಲೆಯೇ ತಟ್ಟೆಗೆ ಹಾಕುತ್ತಿದ್ದೆ.

ಎರಡು ತಿಂಗಳ ಬಳಿಕ ಇನ್ನೊಂದು ಸುತ್ತು ಕೊಡಿಸೋಣವೆಂದು ಹೊರಟು, ಅವಳ ಸೀರೆ ತೆಗೆದಿಟ್ಟೆ. ಅಕ್ಕ ಮಂಚದ ಮೇಲಿಂದ ಏಳಲಿಲ್ಲ. ಬಹಳ ಹೊತ್ತು ತುಟಿ ಅಲ್ಲಾಡಿಸಿದಳು. ಆಮೇಲೆ ನನ್ನ ಮುಖ ನೋಡಿ, ‘ಸಾಕ ಬೇ,’ ಅಂದಳು.

ಯಾರೂ ಕಲಿಸದೆ, ಯಾವ ಚಿತ್ರವನ್ನೂ ತೋರಿಸದೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ನನಗೆ ಸಿಟ್ಟು ಬಂತು. ನಿನಗಾಗಿಯೇ ಇಷ್ಟೆಲ್ಲ ಮಾಡುತ್ತಿರುವುದು ಎಂದು ಕೂಗಾಡಿದೆ. ಅವಳು ಎಡಗೈಯಿಂದ ನನ್ನ ಬೆನ್ನು ಸವರಿದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಡಾಕ್ಟರಿಗೆ ಫೋನ್ ಮಾಡಿ ಬರುವುದಿಲ್ಲವೆಂದೆ. ಅವರೇನೂ ಬೇಸರಪಡಲಿಲ್ಲ. ಬೇಕೆನಿಸಿದಾಗ ಬನ್ನಿ ಎಂದಷ್ಟೇ ಹೇಳಿದರು.

ಆಮೇಲೆ ಅವಳು ಏಳು ತಿಂಗಳು ಇದ್ದಳು. ಸಂಜೆ ಇಬ್ಬರೂ ಬಾಗಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದೆವು. ನಾನು ಶಾಲೆಯ ಸುದ್ದಿ ಹೇಳಿದರೆ ಅವಳು ನಗುತ್ತಿದ್ದಳು. ಅಪರೂಪಕ್ಕೆ ಒಂದು ಮಾತು ಬರುತ್ತಿತ್ತು, ಬಾರದ ದಿನ ನಾನು ಕೇಳುತ್ತಿರಲಿಲ್ಲ. ಬೇಸಿಗೆಯ ಒಂದು ಬೆಳಗ್ಗೆ ಲಕ್ವಾ ಮತ್ತೆ ಹೊಡೆಯಿತು, ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ರೊಟ್ಟಿ ಹಿಡಿದು ಅವಳನ್ನು ಕಾಯಿಸಿದ ಆ ದಿನಗಳ ಬಗ್ಗೆ ನಾನು ಕ್ಷಮೆ ಕೇಳಬಹುದಿತ್ತು. ಅವಳಿಗೆ ಕೇಳಿಸುತ್ತಿತ್ತು, ತಿಳಿಯುತ್ತಿತ್ತು. ನಾನೇ ಕೇಳಲಿಲ್ಲ.